ಅಪಾರ್ಟ್‌ಮೆಂಟಿಗೆ ಹಳೇ ಮನೆಯಿಂದ ಏನು ತರಬೇಕು?

ತುಮಕೂರಿನಲ್ಲಿ ಈಗ ಏಳುತ್ತಿರುವ ಅಪಾರ್ಟ್‌ಮೆಂಟುಗಳನ್ನು ನೋಡಿ, ಹಳೇ ಕಾಲದ್ದು ಏನಾದರೊಂದು ಸಿಕ್ಕೇ ಸಿಗುತ್ತದೆ. ಲಾಬಿಯಲ್ಲಿ ಎರಡು ಕೆತ್ತನೆ ಕಂಬ, ಎಲಿವೇಷನ್ ಮೇಲೆ ತೆಳ್ಳಗಿನ ಕಲ್ಲಿನ ಕ್ಲಾಡಿಂಗ್, ವಾಚ್‌ಮನ್ ಕ್ಯಾಬಿನ್ ತಲೆ ಮೇಲೆ ನಾಲ್ಕು ಸಾಲು ಮಂಗಳೂರು ಹೆಂಚು. ಚೆನ್ನಾಗಿಯೇ ಕಾಣುತ್ತದೆ, ಬೇಡ ಅನ್ನಲ್ಲ. ಆದರೆ ಆ ಹೆಂಚಿನ ಕೆಳಗಿರುವುದು ಮೋಲ್ಡೇ, ಆ ಕಂಬ ಏನನ್ನೂ ಹೊತ್ತಿಲ್ಲ. ಹಳೇ ಪೇಟೆ ಮನೆಗಳಲ್ಲಿ ಇಂಥವೆಲ್ಲ ಸುಮ್ನೆ ಇರಲಿಲ್ಲ, ಒಂದೊಂದಕ್ಕೂ ಕೆಲಸ ಇತ್ತು. ಆ ಕೆಲಸವನ್ನು ನಾಲ್ಕು ಮಹಡಿಯ ಕಾಂಕ್ರೀಟ್ ಕಟ್ಟಡದಲ್ಲೂ ಮಾಡಿಸಬಹುದಾ? ಕೆಲವನ್ನು ಮಾಡಿಸಬಹುದು. ಕೆಲವನ್ನು ಖಂಡಿತ ಆಗಲ್ಲ.

ಮೊದಲು ಬಿಸಿಲು. ತುಮಕೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ಏಪ್ರಿಲ್ 24ರ ಆಸುಪಾಸು ಒಂದು ಸಲ, ಆಗಸ್ಟ್ 18ರ ಆಸುಪಾಸು ಇನ್ನೊಂದು ಸಲ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ಬೇಸಿಗೆಯಲ್ಲಿ ನಮ್ಮ ಮನೆಗೆ ಶಾಖ ಬರುವ ದೊಡ್ಡ ದಾರಿ ತಾರಸಿ. ಆಮೇಲೆ ಪೂರ್ವ ಮತ್ತು ಪಶ್ಚಿಮದ ಗೋಡೆಗಳು. ದಕ್ಷಿಣದ ಗೋಡೆ ಬಡಪಾಯಿ, ಎರಡಡಿ ಸಜ್ಜಾ ಹಾಕಿದರೆ ಡಿಸೆಂಬರ್ ಮಧ್ಯಾಹ್ನದಲ್ಲೂ ಎರಡೂವರೆ ಅಡಿಗಿಂತ ಕೆಳಗಿನವರೆಗೆ ನೆರಳು ಬೀಳುತ್ತದೆ.

ಐದು ಇಂಚಿನ ಆರ್‌ಸಿಸಿ ಮೋಲ್ಡ್ ಮೇಲೆ ಬಿದ್ದ ಬಿಸಿಲು ಕೆಳಗಿನ ಸೀಲಿಂಗಿಗೆ ಬಂದು ಮುಟ್ಟಲು ಮೂರರಿಂದ ನಾಲ್ಕು ಗಂಟೆ ಬೇಕು. ಮೇಲೆ ಮಧ್ಯಾಹ್ನ ಎರಡಕ್ಕೆ ಕಾವು ಜೋರಾದರೆ ಸೀಲಿಂಗ್ ಜೋರಾಗುವುದು ಐದೂವರೆ ಆರಕ್ಕೆ, ಅಂದರೆ ಜನ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಸರಿಯಾಗಿ. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಬಿಡುತ್ತಿರುತ್ತದಲ್ಲ, ಹಾಗೆ ರಾತ್ರಿ ಹತ್ತರವರೆಗೂ ಅದು ನಮ್ಮ ತಲೆ ಮೇಲೆ ಶಾಖ ಸುರಿಯುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಕಡೇ ಮಹಡಿಯ ಫ್ಲ್ಯಾಟ್‌ನವರನ್ನು ಕೇಳಿ, ಹೇಳ್ತಾರೆ.

ಈಗ ಶಿರಾ, ಪಾವಗಡ ಕಡೆಯ ಮಾಳಿಗೆ ಮನೆಗೆ ಬನ್ನಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ದಪ್ಪಗೆ ಮಣ್ಣು, ಕೊನೆಗೆ ಕರಲು ಮಣ್ಣಿನ ಒಂದು ಪದರ. ಒಂದಡಿ ಮಣ್ಣು ದಾಟಲು ಶಾಖಕ್ಕೆ ಒಂಬತ್ತು ಹತ್ತು ಗಂಟೆ ಬೇಕು, ಅಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ. ಹಗಲು ರಾತ್ರಿಯ ಏರಿಳಿತದಲ್ಲಿ ಹತ್ತರಲ್ಲಿ ಒಂದು ಪಾಲೂ ಕೆಳಗೆ ಇಳಿಯುವುದಿಲ್ಲ. ಆ ಕರಲು ಮಣ್ಣಿನ ಕಥೆಯಂತೂ ಇನ್ನೂ ಚೆಂದ. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಸಣ್ಣ ಕಣಗಳು ಬಿಡಿಬಿಡಿಯಾಗಿ ಚದುರಿ, ಮಣ್ಣಿನ ತೂತುಗಳಲ್ಲೆಲ್ಲ ಸಿಕ್ಕಿಕೊಂಡು, ನೀರು ಕೆಳಗೆ ಇಳಿಯದ ಹಾಗೆ ಮುಚ್ಚಿಬಿಡುತ್ತವೆ. ಹೊಲದಲ್ಲಿ ಇದೇ ಗುಣಕ್ಕೆ ರೈತರು ಕರಲು ಭೂಮಿಯನ್ನು ಬಯ್ಯುತ್ತಾರೆ, ಮಾಳಿಗೆ ಮೇಲೆ ಅದನ್ನೇ ಗಾಡಿಯಲ್ಲಿ ತಂದು ಹಾಕುತ್ತಿದ್ದರು!

ಹಾಗಂತ ಅಪಾರ್ಟ್‌ಮೆಂಟ್ ತಾರಸಿ ಮೇಲೆ ಒಂದಡಿ ಮಣ್ಣು ಹಾಕಲು ಹೋಗಬೇಡಿ. ಒಂದು ಚದರ ಮೀಟರಿಗೆ ಅದು 500 ಕೆಜಿ ದಾಟುತ್ತದೆ, ನೆನೆದರೆ ಇನ್ನೂ ಜಾಸ್ತಿ. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ ಅಷ್ಟೇ. ಇಲ್ಲಿ ಹಳೇ ಉಪಾಯ ಬಿಟ್ಟು ಬೇರೆ ದಾರಿ ಹಿಡಿಯಬೇಕು, ಶಾಖವನ್ನು ತಡವಾಗಿ ಬಿಡುವ ಬದಲು ಬಂದ ಬಿಸಿಲನ್ನೇ ವಾಪಸ್ ಕಳಿಸಬೇಕು. ಬಿಳಿ ಟೈಲ್ಸ್ ಚೂರುಗಳ ಚೈನಾ ಮೊಸಾಯಿಕ್, ಇಲ್ಲವೇ ಪ್ರತಿ ಬೇಸಿಗೆಗೆ ಮುಂಚೆ ಒಂದು ಕೋಟು ಸುಣ್ಣ. ಕಪ್ಪಗಿನ ವಾಟರ್‌ಪ್ರೂಫಿಂಗ್ ಶೀಟನ್ನು ಬಿಸಿಲಿಗೆ ಹಾಗೇ ಬಿಡುವಷ್ಟು ದಡ್ಡ ಕೆಲಸ ಇನ್ನೊಂದಿಲ್ಲ.

ಗೋಡೆಯ ವಿಷಯದಲ್ಲಿ ಮಾತ್ರ ಹೊಸ ಕಟ್ಟಡ ನಮಗೆ ದೊಡ್ಡ ಸ್ವಾತಂತ್ರ್ಯ ಕೊಟ್ಟಿದೆ. ಭಾರ ಹೊರುವುದು ಪಿಲ್ಲರ್ ಮತ್ತು ಬೀಮ್. ಗೋಡೆ ತನ್ನ ತೂಕ ತಾನು ತಾಳಿಕೊಂಡರೆ ಸಾಕು, ಹಾಗಾಗಿ ಒಂದೊಂದು ದಿಕ್ಕಿಗೆ ಒಂದೊಂದು ವಸ್ತು ಹಾಕಬಹುದು. ಮಣ್ಣನ್ನೂ ಹಾಕಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಅನ್ನೋ ತಂಡ ಮಣ್ಣಿನ ಇಟ್ಟಿಗೆ ಮೇಲೆ ತುಂಬಾ ಕೆಲಸ ಮಾಡಿತು. ಅವರ ಹಳ್ಳಿ ಕೇಂದ್ರ ಇದ್ದದ್ದು ನಮ್ಮದೇ ಜಿಲ್ಲೆಯಲ್ಲಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮಣ್ಣು, ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಕಲಸಿ, ಪ್ರೆಸ್‌ನಲ್ಲಿ ಒತ್ತಿ, ಸುಡದೆ, ನೀರು ಹಾಕಿ ಕ್ಯೂರಿಂಗ್ ಮಾಡುತ್ತಾರೆ. ಗೂಡಿನಲ್ಲಿ ಸುಟ್ಟ ಇಟ್ಟಿಗೆ ಗೋಡೆಗೆ ಹೋಲಿಸಿದರೆ ಇದಕ್ಕೆ ಖರ್ಚಾಗುವ ಶಕ್ತಿ ಸುಮಾರು ಮೂರನೇ ಒಂದು ಭಾಗ.

ಆದರೆ ಭಾರದ ಗೋಡೆ ಎಲ್ಲೆಡೆ ಒಳ್ಳೆಯದು ಅಂತಲ್ಲ. ಮಣ್ಣು, ಕಲ್ಲು ಹಗಲು ಕುಡಿದ ಶಾಖವನ್ನು ರಾತ್ರಿ ಕಕ್ಕಲೇಬೇಕು. ಏಪ್ರಿಲ್‌ನಲ್ಲಿ ತುಮಕೂರಿನ ಹಗಲು 35-36 ಡಿಗ್ರಿಗೆ ಹೋದರೂ ಬೆಳಗಿನ ಜಾವ 22ರ ಆಸುಪಾಸಿಗೆ ಇಳಿಯುತ್ತದೆ, ಆ ತಂಪು ಗಾಳಿ ಒಳಗೆ ಬಂದರೆ ಗೋಡೆ ಮತ್ತೆ ತಣ್ಣಗಾಗುತ್ತದೆ. ಸೊಳ್ಳೆ ಅಂತ ಸಂಜೆ ಆರಕ್ಕೇ ಕಿಟಕಿ ಜಡಿದು ಮಲಗುವ ಮನೆಯಲ್ಲಿ ಅದೇ ಗೋಡೆ ಶತ್ರು. ಅಂಥ ಕಡೆ, ಅದರಲ್ಲೂ ಪಶ್ಚಿಮಕ್ಕೆ ಬೆಡ್‌ರೂಮ್ ಬಂದಿದ್ದರೆ, ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕೇ ವಾಸಿ. ಬೀಮ್ ಮೇಲಿನ ಭಾರವೂ ಕಮ್ಮಿ.

ಪಶ್ಚಿಮಕ್ಕೆ ಸಜ್ಜಾ ದಂಡ, ಸಂಜೆ ಬಿಸಿಲು ಅದರ ಅಡಿಯಿಂದಲೇ ನುಗ್ಗುತ್ತದೆ. ಮೆಟ್ಟಿಲು, ಲಿಫ್ಟ್, ಬಚ್ಚಲು ಆ ಕಡೆ ಹಾಕಿ, ಪ್ಯಾಸೇಜಿಗೆ ಜಾಲಿ, ಅಂದರೆ ತೂತುತೂತಿನ ಗೋಡೆ, ಇಡಬೇಕು. ಇಲ್ಲೊಂದು ಲೆಕ್ಕ ಇದೆ. ನಾಲ್ಕು ಇಂಚು ದಪ್ಪದ ಜಾಲಿಗೆ ನಾಲ್ಕು ಇಂಚು ಎತ್ತರದ ತೂತು ಇದ್ದರೆ ಮಾರ್ಚ್ ತಿಂಗಳಲ್ಲಿ ಸುಮಾರು ಮೂರೂವರೆಯ ನಂತರ ನೇರ ಬಿಸಿಲು ಒಳಗೆ ಇಣುಕುತ್ತದೆ. ತೂತು ಎರಡೇ ಇಂಚು ಎತ್ತರ ಇದ್ದರೆ ನಾಲ್ಕೂವರೆವರೆಗೆ ತಡೆಯುತ್ತದೆ. ಕೆಲಸ ಮಾಡುವುದು ಜಾಲಿಯ ಆಳ. ಈಗ ಎಲ್ಲರೂ ಹಾಕಿಸುವ ಸಿಎನ್‌ಸಿ ಕಟಿಂಗಿನ ತೆಳು ಶೀಟಿಗೆ ಆಳವೇ ಇಲ್ಲ, ಹೂಬಳ್ಳಿ ಡಿಸೈನ್ ಎಷ್ಟೇ ಚೆನ್ನಾಗಿರಲಿ, ತೂತಿನ ಬಿಸಿಲು ತೂತಿನಷ್ಟೇ ಒಳಗೆ ಬೀಳುತ್ತದೆ.

ಇನ್ನು ತೊಟ್ಟಿ, ಅಂದರೆ ಹಳೇ ಮನೆಯ ನಡುವೆ ಆಕಾಶಕ್ಕೆ ತೆರೆದಿರುತ್ತಿದ್ದ ಅಂಗಳ. ತಮಾಷೆ ಏನಂದ್ರೆ ತೊಟ್ಟಿಯ ವಂಶಸ್ಥ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾನೆ, ಅವನ ಹೆಸರು ಡಕ್ಟ್. ಕೆಳಗಿನಿಂದ ಆಕಾಶದವರೆಗೆ ತೆರೆದಿರುತ್ತದೆ, ಎಲ್ಲ ಫ್ಲ್ಯಾಟಿನ ಕಿಟಕಿಯೂ ಅದಕ್ಕೇ ಬಾಯಿ ಬಿಟ್ಟಿರುತ್ತದೆ. ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ, ಆ ಜಾಗಕ್ಕೆ ಕೋಣೆಯ ಕಿಟಕಿಗಳಿಂದ ಗಾಳಿ ಎಳೆದುಕೊಳ್ಳುತ್ತದೆ. 12 ಮೀಟರ್ ಎತ್ತರದ ಡಕ್ಟ್‌ನಲ್ಲಿ ಒಳಗಿನ ಗಾಳಿ ಹೊರಗಿಗಿಂತ ಮೂರು ಡಿಗ್ರಿ ಬಿಸಿ ಇದ್ದರೆ ಸಿಗುವ ಎಳೆತ ಚದರ ಮೀಟರಿಗೆ 130 ಗ್ರಾಂ ಭಾರದಷ್ಟು. ಸಣ್ಣದು, ಆದರೆ ಗಾಳಿ ಬೀಸದ ರಾತ್ರಿ ಅಷ್ಟು ಸಾಕು. ಹಗಲು ಮನೆ ಒಳಗೇ ತಂಪಿದ್ದಾಗ ಈ ಆಟ ನಡೆಯುವುದಿಲ್ಲ.

ಈ ಡಕ್ಟ್ ಕೆಟ್ಟಿರುವುದು ಅದರಲ್ಲಿ ಟಾಯ್ಲೆಟ್ ಪೈಪು, ಅಡುಗೆಮನೆ ಎಕ್ಸಾಸ್ಟು, ಮೂರನೇ ಮಹಡಿಯಿಂದ ಬಿದ್ದ ಕ್ಲಿಪ್ಪು, ಪಾರಿವಾಳದ ಗೂಡು ಎಲ್ಲ ಸೇರಿರುವುದರಿಂದ. ಪೈಪುಗಳಿಗೆ ಬೇರೆ ಸಂದು ಕೊಟ್ಟು, ಅಗಲ ಮೂರು ಮೀಟರಾದರೂ ಇಟ್ಟರೆ ಅದು ತೊಟ್ಟಿಯಾಗುತ್ತದೆ. ಬಿಲ್ಡರ್ ಒಪ್ಪಲ್ಲ, ಅಷ್ಟು ಜಾಗ ಮಾರಿಕೊಳ್ಳೋಕೆ ಆಗಲ್ಲವಲ್ಲ. ಅಪಾಯವೂ ಒಂದಿದೆ: ಬೆಂಕಿ ಬಿದ್ದರೆ ಹೊಗೆ ಕೂಡ ಇದೇ ದಾರಿಯಲ್ಲಿ ಮೇಲೇರುತ್ತದೆ, ಆದ್ದರಿಂದ ಮೆಟ್ಟಿಲನ್ನು ಯಾವತ್ತೂ ತೊಟ್ಟಿಗೆ ತೆರೆದಿಡಬಾರದು.

ಇಷ್ಟೆಲ್ಲ ಆಗಲ್ಲ ಅನ್ನುವವರಿಗೆ ಬೆಳಕಿಂಡಿ ಇದೆ. ಹಳೇ ಮನೆಗಳಲ್ಲಿ ಕಿಟಕಿ ಮೇಲೆ, ಸೂರಿಗೆ ಹತ್ತಿರ ಇರುತ್ತಿತ್ತು, ಯಾಕೆಂದರೆ ಕೋಣೆಯ ಬಿಸಿ ಗಾಳಿ ನಿಲ್ಲುವುದೇ ಅಲ್ಲಿ. ಈಗಿನ ಕಿಟಕಿ ಏಳಡಿಗೆ ಮುಗಿಯುತ್ತದೆ, ಅದರ ಮೇಲಿನ ಮೂರಡಿ ಬಿಸಿ ಗಾಳಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಕಟ್ಟಡ ಏಳುತ್ತಿರುವಾಗಲೇ ಮೇಸ್ತ್ರಿಗೆ ಹೇಳಿದರೆ ಬೀಮ್ ಕೆಳಗೆ ಒಂಬತ್ತು ಇಂಚಿನ ಕಿಂಡಿ ಬಿಡುವುದು ಕಷ್ಟವಲ್ಲ, ಮೆಶ್ ಹೊಡೆದುಬಿಟ್ಟರೆ ಸೊಳ್ಳೆ ಕಾಟವೂ ಇಲ್ಲ, ರಾತ್ರಿಯಿಡೀ ತೆರೆದಿಡಬಹುದು. ಈಗಾಗಲೇ ಇರುವ ಫ್ಲ್ಯಾಟಾದರೆ ಕಿಟಕಿಯ ಮೇಲಿನ ಫಿಕ್ಸೆಡ್ ಗಾಜು ತೆಗೆಸಿ ಪಟ್ಟಿ ಗಾಜಿನ ಲೂವರ್ ಹಾಕಿಸಿ. ಹಾಕಿಸುವಾಗ ಎದುರು ಗೋಡೆಯಲ್ಲೂ ಒಂದು ಇರಲಿ, ಒಂದೇ ಕಡೆ ತೂತಿದ್ದರೆ ಗಾಳಿ ಓಡುವುದಿಲ್ಲ.