ಸಂಪುಟ 22 ಯಾವ ವರ್ಷದ್ದು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ ಓದುವವರಿಗೊಂದು ಟಿಪ್ಪಣಿ

1883ರ ಸೆಪ್ಟೆಂಬರ್ 15ರಂದು ಮುಂಬಯಿಯ ಎಂಟು ಮಂದಿ ಸೇರಿ ಕಟ್ಟಿದ ಕೂಟವೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಆ ಎಂಟು ಮಂದಿಯಲ್ಲಿ ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರೂ ಇದ್ದರು. ಕೂಟದ ಜರ್ನಲ್ 1886ರ ಜನವರಿಯಲ್ಲಿ ಇ. ಎಚ್. ಐಟ್ಕನ್ ಮತ್ತು ಆರ್. ಎ. ಸ್ಟರ್ನ್‌ಡೇಲ್ ಅವರ ಸಂಪಾದಕತ್ವದಲ್ಲಿ ಆರಂಭವಾಯಿತು.

ಕೊಡಗಿನವಳಾದ ನನಗೆ ಈ ಇತಿಹಾಸ ಹತ್ತಿರವಾದದ್ದು ಒಂದು ಅಳಿಲಿನಿಂದ. ನಮ್ಮ ಮನೆಯ ಹಿಂದಿನ ಹಲಸಿನ ಮರಕ್ಕೆ ಬರುವ, ಕಪ್ಪು ಬೆನ್ನಿನ ಮೇಲೆ ಮೂರು ತಿಳಿ ಪಟ್ಟೆಗಳಿರುವ ಕಾಡಿನ ಅಳಿಲಿನ ಒಂದು ಉಪಪ್ರಭೇದಕ್ಕೆ ‘ರಾಟೋನಿ’ ಎಂಬ ಹೆಸರಿದೆ. ಅದನ್ನು ಮೊದಲು ವರ್ಣಿಸಿದ್ದು ದಕ್ಷಿಣ ಕೊಡಗಿನ ಶ್ರೀಮಂಗಲದ ಮಾದರಿಯಿಂದ. ವರ್ಣಿಸಿದವರು ಕ್ಯಾಥ್ಲೀನ್ ರೈಲಿ. ಪ್ರಕಟವಾದದ್ದು ಈ ಜರ್ನಲ್‌ನ 22ನೆಯ ಸಂಪುಟದಲ್ಲಿ. ಸೊಸೈಟಿಯು 1911ರಲ್ಲಿ ಕೈಗೊಂಡ ಸಸ್ತನಿ ಸಮೀಕ್ಷೆಯ ಫಲಗಳಲ್ಲಿ ಇದೂ ಒಂದು. ಸಮೀಕ್ಷೆಯ ಮಾದರಿಗಳನ್ನು ಅಧ್ಯಯನ ಮಾಡಿ ವರದಿ ಬರೆದ ನಿವೃತ್ತ ಅರಣ್ಯಾಧಿಕಾರಿ ಆರ್. ಸಿ. ರಾಟನ್ ಅವರ ಗೌರವಾರ್ಥವಾಗಿ ಆ ಹೆಸರನ್ನು ಇಡಲಾಯಿತು.

ನಾನು ಎಡವಿದ್ದು ಇಲ್ಲಿಯೇ. ಮೊದಲ ಸಂಪುಟ 1886ರದ್ದಾದರೆ, ವರ್ಷಕ್ಕೊಂದರಂತೆ ಲೆಕ್ಕ ಹಾಕಿದಾಗ 22ನೆಯದು 1886ಕ್ಕೆ 21 ಕೂಡಿಸಿದ 1907ರದ್ದಾಗಬೇಕು. ಆದರೆ 1911ರಲ್ಲಿ ಶುರುವಾದ ಸಮೀಕ್ಷೆಯ ಅಳಿಲು 1907ರಲ್ಲಿ ಅಚ್ಚಾಗುವುದು ಹೇಗೆ? ಎರಡು ದಿನ ಈ ಪ್ರಶ್ನೆ ನನ್ನನ್ನು ಕಾಡಿತು. ಉತ್ತರ ಇಷ್ಟೇ: ಆ ಕಾಲದಲ್ಲಿ ಸಂಪುಟವೆಂದರೆ ವರ್ಷವಲ್ಲ, ಹಲವು ಸಂಚಿಕೆಗಳು ಸೇರಿ ತುಂಬಿದಾಗ ಮುಗಿಯುವ ಒಂದು ಕಟ್ಟು. ಅದು ತುಂಬಲು ಕೆಲವೊಮ್ಮೆ ವರ್ಷ ದಾಟುತ್ತಿತ್ತು. ಹೀಗೆ ಹಿಂದೆ ಬೀಳುತ್ತಾ ಬಂದು 22ನೆಯ ಸಂಪುಟ ಆರಂಭವಾಗುವಾಗ 1913 ಆಗಿತ್ತು. ಪ್ರಾಣಿಯ ಹೆಸರಿನೊಡನೆ ಬರೆಯಬೇಕಾದದ್ದು ಅದು ಪ್ರಕಟವಾದ ವರ್ಷವನ್ನೇ ಆದ್ದರಿಂದ, ‘ರೈಲಿ, 1913’ ಎಂಬುದರ ಬದಲು 1907 ಎಂದು ಬರೆದರೆ ಅದು ಸಣ್ಣ ತಪ್ಪಾಗುವುದಿಲ್ಲ.

1960ರ ದಶಕದಿಂದ ಈಚಿನ ಸಂಪುಟಗಳಿಗೆ ನನ್ನದೊಂದು ಸುಲಭ ಸೂತ್ರವಿದೆ: ಸಂಪುಟದ ಸಂಖ್ಯೆಗೆ 1903 ಕೂಡಿಸಬೇಕು. 60ನೆಯದು 1963, 80ನೆಯದು 1983, 100ನೆಯದು 2003. ಹಳೆಯ ಸಂಪುಟಗಳಿಗೆ ಇದನ್ನು ಖಂಡಿತ ಬಳಸಬಾರದು. 22ಕ್ಕೆ ಕೂಡಿಸಿದರೆ 1925 ಬಂದು ಇನ್ನೊಂದು ಬದಿಗೆ ತಪ್ಪುತ್ತದೆ.

ಕೊಡಗಿನಲ್ಲಿ ಕಾಫಿ ಬೆಳೆಗಾರರಾಗಿದ್ದ ಎಫ್. ಎನ್. ಬೆಟ್ಸ್ ಅವರು ಇಲ್ಲಿನ ಹಕ್ಕಿಗಳ ಕುರಿತು 1951ರಲ್ಲಿ ಬರೆದ ಲೇಖನವನ್ನು ಹುಡುಕುವವರು ‘50 (1): 20–63’ ಎಂಬುದನ್ನು ಸಂಪುಟ, ಸಂಚಿಕೆ, ಪುಟ ಎಂಬ ಕ್ರಮದಲ್ಲಿ ಓದಿಕೊಳ್ಳಬೇಕು. 63ನೆಯ ಪುಟಕ್ಕೆ ಲೇಖನ ಮುಗಿಯಿತೆಂದು ನಿಲ್ಲಬೇಡಿ. ಪುಟಸಂಖ್ಯೆ ಪ್ರತಿ ಸಂಚಿಕೆಗೂ ಒಂದರಿಂದ ಶುರುವಾಗದೆ ಸಂಪುಟದುದ್ದಕ್ಕೂ ಮುಂದುವರಿಯುವುದರಿಂದ, ಎರಡನೆಯ ಭಾಗ ಮುಂದಿನ ಸಂಚಿಕೆಯ 224ನೆಯ ಪುಟದಲ್ಲಿ ಸಿಗುತ್ತದೆ.