ಕುರುವತ್ತಿ ಹೊಳೆಯಲ್ಲಿ ಒಬ್ಬ ಚಕ್ರವರ್ತಿ

ರಾಣೆಬೆನ್ನೂರು ಸೀಮೆಯ ನಮಗೆ ಕುರುವತ್ತಿ ಎಂದರೆ ಬಸವಣ್ಣನ ಜಾತ್ರೆ. ತುಂಗಭದ್ರೆಯ ಆಚೆ ದಡ ಸೇರಿ, ಹೊಳೆಯಲ್ಲಿ ಮುಳುಗೆದ್ದು, ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆ. ಅದೇ ಹೊಳೆಗೆ 1068ರ ಮಾರ್ಚ್ 29ರಂದು ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ ಇಳಿದ. ಮೇಲೇಳಲಿಲ್ಲ.

ಅವನ ಬಿರುದು ಆಹವಮಲ್ಲ. ಆಳಿದ 26 ವರ್ಷವೂ ಚೋಳರೊಂದಿಗೆ ಕಾದಾಟ ಮುಗಿಯಲೇ ಇಲ್ಲ. ಅದರ ಗಾಯ ನಮ್ಮ ನೆಲದ ಮೇಲೇ ಇದೆ. ಅಣ್ಣಿಗೇರಿಯ ಪೆರ್ಮಾಡಿ ಬಸದಿಯನ್ನು ಚೋಳ ಸುಟ್ಟ, ಆಮೇಲೆ ಆಹವಮಲ್ಲನಿಗೆ ತನ್ನ ತಲೆಯನ್ನೇ ಕೊಟ್ಟ ಎನ್ನುತ್ತದೆ ಗದಗ ತಾಲ್ಲೂಕಿನ ಗಾವರವಾಡದ 1071ರ ಶಾಸನ. ಆ ಚೋಳನೇ ರಾಜಾಧಿರಾಜ. 1054ರ ಕೊಪ್ಪಂ ಕಾಳಗದಲ್ಲಿ ಆನೆಯ ಮೇಲೆ ಕೂತಲ್ಲೇ ಸತ್ತವನು. ಸುಟ್ಟ ಬಸದಿಯ ಸಿಟ್ಟು ಆ ಶಾಸನದಲ್ಲಿ ಇನ್ನೂ ಆರಿಲ್ಲ.

ಸೋಮೇಶ್ವರನ ಸಾವಿಗೆ ಮಾತ್ರ ಎರಡು ಕಥೆ. ಕೂಡಲದಲ್ಲಿ ಯುದ್ಧಕ್ಕೆ ಬಾ ಎಂದು ಸೋಮೇಶ್ವರ ತಾನೇ ಕರೆದ, ನಾವು ತಿಂಗಳು ಕಾದರೂ ಬರಲಿಲ್ಲ, ಹೆದರಿ ಓಡಿದ ಎಂದು ವೀರರಾಜೇಂದ್ರ ಚೋಳನ ಶಾಸನಗಳು ಹಂಗಿಸುತ್ತವೆ. ಕವಿ ಬಿಲ್ಹಣ ಬರೆಯುವುದೇ ಬೇರೆ: ವಾಸಿಯಾಗದ ಜ್ವರ ಹಿಡಿಯಿತು, ಮಂತ್ರಿಗಳನ್ನು ಒಪ್ಪಿಸಿ ಹೊಳೆಗೆ ಬಂದ, ಬಂಗಾರ ದಾನ ಮಾಡಿ, ವಾದ್ಯಗಳ ನಡುವೆ ಕುತ್ತಿಗೆಮಟ್ಟದ ನೀರಿಗೆ ನಡೆದು ಶಿವಧ್ಯಾನದಲ್ಲಿ ಮುಳುಗಿದ. ಚಾಲುಕ್ಯ ಶಾಸನ ಇದನ್ನೇ ಪರಮಯೋಗ ಎಂದು ಕರೆದಿದೆ. ಮಗ ವಿಕ್ರಮಾದಿತ್ಯ ದಂಡಯಾತ್ರೆಯಲ್ಲಿದ್ದ. ಸುದ್ದಿ ಮುಟ್ಟಿದ್ದು ಕೃಷ್ಣೆಯ ದಡದಲ್ಲಿ.

ಬಿಲ್ಹಣ ಆ ಮಗನ ಆಸ್ಥಾನಕವಿ, ತಂದೆಯ ಸಾವನ್ನು ಚಂದ ಮಾಡಿಯೇ ಹೇಳುವವನು. ಆದರೂ ನನಗೆ ಎರಡು ಕಥೆಗಳೂ ಒಂದೇ ಎನಿಸುತ್ತವೆ. 26 ವರ್ಷ ಕಾದಾಡಿದವನು ಒಮ್ಮೆಲೇ ಹೆದರಿದ ಎಂದರೆ ನಂಬುವುದು ಕಷ್ಟ. ಕೂಡಲಕ್ಕೆ ಹೋಗಗೊಡದ ಜ್ವರವೇ ಕೆಲವು ತಿಂಗಳ ಮೇಲೆ ಅವನನ್ನು ಕುರುವತ್ತಿಗೆ ತಂದಿರಬೇಕು. ಎದುರಾಳಿಗೆ ಕಂಡದ್ದು ಖಾಲಿ ರಣರಂಗ, ಮನೆಯವರಿಗೆ ಕಂಡದ್ದು ಸುಡುವ ಮೈ.

ಅದು ಚೈತ್ರಮಾಸ. ಹೊಳೆ ಇಳಿದಿರುವ ಕಾಲ, ದಡದಗಲಕ್ಕೂ ಉಸುಕು. ಕುತ್ತಿಗೆಮಟ್ಟದ ನೀರು ಸಿಗುವ ತನಕ ಆ ಜ್ವರದ ಮೈಯಲ್ಲಿ ಎಷ್ಟು ದೂರ ನಡೆದನೋ.