ಮಿಥ್ಯೆ: ಸುಳ್ಳೂ ಅಲ್ಲ, ಮಿಥ್ ಅಂತೂ ಅಲ್ಲವೇ ಅಲ್ಲ

ಕಳೆದ ವಾರ ಒಂದು ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ಎದುರಿನ ಗೋಡೆಯಲ್ಲಿ ದೊಡ್ಡ ಪೋಸ್ಟರ್. ಎಡಗಡೆ ಕೆಂಪಕ್ಷರದಲ್ಲಿ ‘ಮಿಥ್ಯೆ’, ಬಲಗಡೆ ಹಸಿರಿನಲ್ಲಿ ‘ಸತ್ಯ’. ಮಿಥ್ಯೆಯ ಕೆಳಗೆ ‘ಜ್ವರ ಬಂದಾಗ ಸ್ನಾನ ಮಾಡಬಾರದು’ ಅಂತ ಬರೆದಿತ್ತು. ಮನೆಗೆ ಬಂದು ಫೋನ್ ತೆಗೆದರೆ ಒಂದು ಫಾರ್ವರ್ಡ್: ‘ಶಂಕರಾಚಾರ್ಯರೇ ಹೇಳಿದ್ದಾರೆ, ಜಗತ್ತು ಮಿಥ್ಯೆ, ಅಂದರೆ ಎಲ್ಲ ಸುಳ್ಳು. ಮತ್ತೆ ಯಾಕೆ ಇಷ್ಟೊಂದು ಒದ್ದಾಟ?’ ಒಂದೇ ದಿನದಲ್ಲಿ ಒಂದೇ ಪದಕ್ಕೆ ಎರಡು ಪೆಟ್ಟು. ಈ ಎರಡನ್ನೂ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಇನ್ನು ಬರೆಯದೆ ಇರಲು ಆಗಲಿಲ್ಲ.

ಮೊದಲು ಪೋಸ್ಟರಿನ ತಪ್ಪು. ಇಂಗ್ಲಿಷಿನಲ್ಲಿ ‘ಮಿಥ್ ಮತ್ತು ಫ್ಯಾಕ್ಟ್’ ಅಂತ ಒಂದು ಸಿದ್ಧ ಜೋಡಿ ಇದೆ. ಅದನ್ನು ಕನ್ನಡಕ್ಕೆ ತರುವವರಿಗೆ ಕಿವಿಗೆ ಹತ್ತಿರದ ಪದ ಸಿಕ್ಕಿತು, ಇಟ್ಟುಬಿಟ್ಟರು. ಮಿಥ್, ಮಿಥ್ಯೆ: ಒಂದೇ ಬುಡದ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೆ ಎರಡಕ್ಕೂ ಯಾವ ನೆಂಟಸ್ತನವೂ ಇಲ್ಲ. ಮಿಥ್ ಬಂದದ್ದು ಗ್ರೀಕಿನ ‘ಮ್ಯೂಥೋಸ್’ ಪದದಿಂದ. ಅದರ ಅರ್ಥ ಮಾತು, ಕತೆ. ಹೋಮರನ ಕಾವ್ಯಗಳಲ್ಲಿ ವೀರನೊಬ್ಬ ಸಭೆಯಲ್ಲಿ ಎದ್ದು ನಿಂತು ಆಡುವ ಮಾತು ಕೂಡ ಮ್ಯೂಥೋಸ್. ಸುಳ್ಳು ಅನ್ನುವ ವಾಸನೆ ಅದಕ್ಕೆ ಅಂಟಿದ್ದು ಆಮೇಲೆ. ಪ್ಲೇಟೋ ಸಹ ಆತ್ಮದ ಬಗ್ಗೆ, ಸತ್ತ ಮೇಲೆ ಏನಾಗುತ್ತದೆ ಅನ್ನುವುದರ ಬಗ್ಗೆ ಹೇಳಬೇಕಾದಾಗ ವಾದವನ್ನು ನಿಲ್ಲಿಸಿ ಕತೆ ಹೇಳುತ್ತಾನೆ. ಯುದ್ಧದಲ್ಲಿ ಸತ್ತು ಹನ್ನೆರಡನೇ ದಿನ ಚಿತೆಯ ಮೇಲೆ ಎದ್ದು ಕೂತ ‘ಎರ್’ ಎಂಬಾತನ ಕತೆ ಅಂಥದ್ದು.

ಮಿಥ್‌ಗೆ ಕನ್ನಡದಲ್ಲಿ ಪದಗಳಿಗೇನು ಬರವೇ? ದೇವದಾನವರ ಕತೆಯಾದರೆ ಪುರಾಣ. ಊರಿನ ಹಿರಿಯರು ಹೇಳುತ್ತಾ ಬಂದದ್ದಾದರೆ ಐತಿಹ್ಯ. ಪೋಸ್ಟರಿಗೆ ಬೇಕಾದದ್ದು ‘ತಪ್ಪು ನಂಬಿಕೆ’. ಹರಡುತ್ತಿರುವ ಸುದ್ದಿಯಾದರೆ ಗಾಳಿಮಾತು. ಬೇಕಂತಲೇ ಹೆಣೆದದ್ದಾದರೆ ಕಟ್ಟುಕತೆ. ಸಾಹಿತ್ಯ ವಿಮರ್ಶೆಯವರಂತೂ ಸುಮ್ನೆ ‘ಮಿಥ್’ ಅಂತಲೇ ಬರೆಯುತ್ತಾರೆ. ಅದೂ ಸರಿಯೇ. ಎರವಲು ಪದ ಎರವಲು ಅಂತ ಗೊತ್ತಾದರೆ ಯಾರಿಗೂ ಮೋಸವಿಲ್ಲ. ಆದರೆ ಬೇರೆ ಕೆಲಸದಲ್ಲಿರುವ ಪದವನ್ನು ಎಳೆದು ತಂದು ಇಲ್ಲಿ ನಿಲ್ಲಿಸಿದರೆ, ಅದು ಮಾಡುತ್ತಿದ್ದ ಕೆಲಸ ನಿಂತುಹೋಗುತ್ತದೆ.

ಆ ಕೆಲಸ ಏನು ಅಂತ ತಿಳಿಯಲು ಪದದ ಬುಡಕ್ಕೆ ಹೋಗಬೇಕು. ನನಗೆ ತುಂಬ ಇಷ್ಟವಾದ ಭಾಗ ಇದು.

ಸಂಸ್ಕೃತದ ‘ಮಿಥ್ಯಾ’ ನಾಮಪದವೇ ಅಲ್ಲ. ಅದು ಅವ್ಯಯ. ವಿದ್ಯಾ ಕನ್ನಡಕ್ಕೆ ಬಂದಾಗ ವಿದ್ಯೆ ಆಗುತ್ತದೆ, ಭಾಷಾ ಭಾಷೆ ಆಗುತ್ತದೆ. ಅದೇ ರೂಢಿಯಲ್ಲಿ ನಾವು ಮಿಥ್ಯಾವನ್ನು ಮಿಥ್ಯೆ ಮಾಡಿಕೊಂಡೆವು. ಆದರೆ ವಿದ್ಯಾ, ಭಾಷಾ ಎರಡೂ ‘ಏನು?’ ಅನ್ನುವ ಪ್ರಶ್ನೆಗೆ ಉತ್ತರ. ಮಿಥ್ಯಾ ‘ಹೇಗೆ?’ ಅನ್ನುವುದಕ್ಕೆ ಉತ್ತರ. ತಿರುಗುಮುರುಗಾಗಿ, ಅದಲುಬದಲಾಗಿ, ಇದ್ದದ್ದಕ್ಕೆ ಬೇರೆಯಾಗಿ ಅಂತ ಅದರ ಅರ್ಥ. ವೇದದ ಭಾಷೆಯಲ್ಲಿ ‘ಮಿಥೂ’ ಅಂತ ಅದರ ಹಳೆಯ ರೂಪವಿದೆ. ‘ಮಿಥೂಯಾ’ ಅನ್ನುವುದು ಸವೆದು ಮಿಥ್ಯಾ ಆಯಿತು ಅನ್ನುತ್ತಾರೆ ನಿಘಂಟುಕಾರರು. ಬುಡದಲ್ಲಿರುವುದು ‘ಮಿಥ್’ ಎಂಬ ಸಂಸ್ಕೃತ ಧಾತು. ಎರಡು ಒಂದನ್ನೊಂದು ಸಂಧಿಸುವುದು, ಒಂದಕ್ಕೊಂದು ತಾಗುವುದು, ಅದಲುಬದಲಾಗುವುದು: ಇವೆಲ್ಲ ಅದರ ವ್ಯಾಪ್ತಿ. ‘ಮಿಥಃ’ ಅಂದರೆ ಪರಸ್ಪರ. ‘ಮಿಥುನ’ ಅಂದರೆ ಜೋಡಿ. ಪಂಚಾಂಗದಲ್ಲಿ ದಿನವೂ ನೋಡುವ ಮಿಥುನ ರಾಶಿ ಇದೇ ಮನೆತನದ್ದು. ಲ್ಯಾಟಿನ್ನಿನ ಕಡೆ ಹೋದರೆ ಇಂಗ್ಲಿಷಿನ ‘ಮ್ಯೂಚುಅಲ್’ ಪದ ಇದರ ದೂರದ ನೆಂಟ. ಮಿಥ್ ಅಲ್ಲ, ಮ್ಯೂಚುಅಲ್!

ಹಾಗಾದರೆ ಮಿಥ್ಯೆಯೊಳಗೆ ಯಾವಾಗಲೂ ಎರಡು ಇರುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಕೂತಿರುತ್ತದೆ, ಅಥವಾ ಒಂದು ಇನ್ನೊಂದರ ಜೊತೆ ತಪ್ಪಾಗಿ ಹೆಣೆದುಕೊಂಡಿರುತ್ತದೆ. ಇದನ್ನು ಕೈಯಲ್ಲಿ ಹಿಡಿದುಕೊಂಡು ಹಳೆಯ ಬಳಕೆಗಳನ್ನು ನೋಡಿ, ಎಲ್ಲವೂ ತಾನಾಗಿ ಬಿಚ್ಚಿಕೊಳ್ಳುತ್ತವೆ.

ಆಯುರ್ವೇದದವರು ‘ಮಿಥ್ಯಾಹಾರ’ ಅನ್ನುತ್ತಾರೆ. ಅದು ಕಲಬೆರಕೆ ಆಹಾರವಲ್ಲ, ಸುಳ್ಳು ಆಹಾರವಂತೂ ಅಲ್ಲ. ಒಳ್ಳೆಯ ಅನ್ನವೇ, ಆದರೆ ತಪ್ಪು ಹೊತ್ತಿನಲ್ಲಿ, ತಪ್ಪು ದೇಹಕ್ಕೆ, ತಪ್ಪು ಜೊತೆಯಲ್ಲಿ. ಚರಕ ಸಂಹಿತೆ ಇಂದ್ರಿಯಗಳ ಬಳಕೆ ಕೆಡುವ ಬಗೆಯನ್ನು ಮೂರಾಗಿ ಹೇಳುತ್ತದೆ: ಅತಿಯೋಗ, ಅಯೋಗ, ಮಿಥ್ಯಾಯೋಗ. ಜಾಸ್ತಿ ಬಳಸುವುದು, ಬಳಸದೇ ಇರುವುದು, ಹೊಂದದ್ದರ ಜೊತೆ ಬಳಸುವುದು.

ಗೀತೆಯ ಮೂರನೇ ಅಧ್ಯಾಯದಲ್ಲಿ ‘ಮಿಥ್ಯಾಚಾರ’ ಬರುತ್ತದೆ. ಕೈಕಾಲು ಬಿಗಿಹಿಡಿದು ಕೂತು, ಮನಸ್ಸಿನಲ್ಲಿ ವಿಷಯಗಳನ್ನೇ ನೆನೆಯುವವನು ಮಿಥ್ಯಾಚಾರಿ. ಇದನ್ನು ‘ಢೋಂಗಿ’ ಅಂತ ಅನುವಾದ ಮಾಡಿದರೆ ಅರ್ಧ ಅರ್ಥ ಹೋಯಿತು. ಢೋಂಗಿ ಬೇರೆಯವರ ಕಣ್ಣಿಗೆ ಮಣ್ಣೆರಚುತ್ತಾನೆ. ಗೀತೆ ಹೇಳುತ್ತಿರುವವನು ‘ವಿಮೂಢಾತ್ಮ’, ತನಗೇ ಗೊತ್ತಿಲ್ಲದವನು. ಹೊರಗೊಂದು, ಒಳಗೊಂದು. ಎರಡರ ಜೋಡಣೆಯೇ ತಪ್ಪಿದೆ. ನಡತೆಯ ಬಗ್ಗೆ ಇಷ್ಟು ಸೂಕ್ಷ್ಮವಾದ ಮಾತನ್ನು ‘ಸುಳ್ಳು’ ಅನ್ನುವ ಒಂದು ಪದದಿಂದ ಒರೆಸಿಹಾಕಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜೈನರ ‘ಮಿಚ್ಛಾಮಿ ದುಕ್ಕಡಂ’ ಇನ್ನೂ ಒಳ್ಳೆಯ ಸಾಕ್ಷಿ. ಪರ್ಯೂಷಣ ಹಬ್ಬದ ಕೊನೆಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು. ಬಿಡಿಸಿದರೆ ಸಂಸ್ಕೃತದಲ್ಲಿ ‘ಮಿಥ್ಯಾ ಮೇ ದುಷ್ಕೃತಮ್’. ಇಲ್ಲಿ ಮಿಥ್ಯೆಯನ್ನು ಸುಳ್ಳು ಅಂತ ಓದಿದರೆ ಏನಾಗುತ್ತದೆ? ‘ನಾನು ಮಾಡಿದ ತಪ್ಪು ಸುಳ್ಳಾಗಲಿ’, ಅಂದರೆ ನಾನು ತಪ್ಪೇ ಮಾಡಿಲ್ಲ ಅಂದಂತಾಯಿತು. ಕ್ಷಮೆ ಕೇಳುವವರು ಹಾಗೆ ಹೇಳುತ್ತಾರೆಯೇ? ತಪ್ಪು ನಡೆದಿದೆ ಅಂತ ಒಪ್ಪಿಕೊಂಡೇ, ಅದು ಫಲ ಕೊಡದೆ ಹೋಗಲಿ ಅನ್ನುತ್ತಿದ್ದಾರೆ. ಇದ್ದದ್ದು ಇದ್ದಂತೆಯೇ ತನ್ನ ಬಲ ಕಳೆದುಕೊಳ್ಳಲಿ ಅಂತ.

ಜೈನರಲ್ಲಾಗಲಿ ಬೌದ್ಧರಲ್ಲಾಗಲಿ ಮಿಥ್ಯೆಯ ಎದುರು ನಿಲ್ಲುವ ಪದ ಸತ್ಯ ಅಲ್ಲ, ‘ಸಮ್ಯಕ್’. ಮಿಥ್ಯಾದೃಷ್ಟಿಯ ಎದುರು ಸಮ್ಯಗ್ದೃಷ್ಟಿ. ಪಾಲಿಯಲ್ಲಿ ‘ಮಿಚ್ಛಾ’ದ ಎದುರು ‘ಸಮ್ಮಾ’. ಸಮ್ಯಕ್ ಅಂದರೆ ಸರಿಯಾಗಿ, ನೆಟ್ಟಗೆ, ಹೊಂದಿಕೊಂಡು. ಇದೂ ‘ಹೇಗೆ?’ ಅನ್ನುವುದಕ್ಕೇ ಉತ್ತರ. ಹಳಗನ್ನಡದ ಜೈನ ಕೃತಿಗಳನ್ನು ಓದುವಾಗ ‘ಮಿಥ್ಯಾದೃಷ್ಟಿ’ ಬಂದರೆ ಕುರುಡ ಅಂತಲೋ ಸುಳ್ಳುಗಾರ ಅಂತಲೋ ತಿಳಿಯಬೇಡಿ. ಅವನು ನೋಡುತ್ತಿದ್ದಾನೆ, ನೋಟ ಓರೆಯಾಗಿದೆ.

ಈಗ ಫಾರ್ವರ್ಡಿಗೆ ಬರೋಣ. ‘ಬ್ರಹ್ಮ ಸತ್ಯಂ ಜಗನ್ಮಿಥ್ಯಾ’ ಸಾಲನ್ನು ಎಲ್ಲರೂ ಬಲ್ಲರು. ಶಂಕರರ ಹೆಸರಿನಲ್ಲಿರುವ ಚಿಕ್ಕ ಪ್ರಕರಣ ಗ್ರಂಥಗಳಲ್ಲಿ ಅದಿದೆ. ಆದರೆ ಬ್ರಹ್ಮಸೂತ್ರ ಭಾಷ್ಯದ ಬಾಗಿಲಲ್ಲೇ, ಅಧ್ಯಾಸ ಭಾಷ್ಯ ಅನ್ನುವ ಪೀಠಿಕೆಯಲ್ಲಿ, ಅವರು ಬರೆದ ಒಂದು ಮಾತನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ: ‘ಸತ್ಯಾನೃತೇ ಮಿಥುನೀಕೃತ್ಯ’. ಸತ್ಯವನ್ನೂ ಅನೃತವನ್ನೂ (ಸುಳ್ಳನ್ನೂ) ಜೋಡಿ ಮಾಡಿಕೊಂಡು ‘ನಾನು ಇದು, ಇದು ನನ್ನದು’ ಅಂತ ಲೋಕದ ವ್ಯವಹಾರ ನಡೆಯುತ್ತದೆ, ಅದು ಸಹಜವಾಗಿಯೇ ನಡೆಯುತ್ತದೆ ಅನ್ನುತ್ತಾರೆ. ಅದೇ ವಾಕ್ಯದಲ್ಲಿ ಒಂದು ಕಡೆ ‘ಮಿಥ್ಯಾಜ್ಞಾನ’, ಇನ್ನೊಂದು ಕಡೆ ‘ಮಿಥುನೀಕೃತ್ಯ’. ಒಂದೇ ಬೇರಿನ ಎರಡು ಚಿಗುರು ಅಕ್ಕಪಕ್ಕದಲ್ಲಿ! ಇದನ್ನು ಮೊದಲ ಸಲ ಗಮನಿಸಿದ ದಿನ ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಹಾಗೇ ಕೂತಿದ್ದೆ. ಮಿಥ್ಯೆ ಅಂದರೆ ಬರೀ ಅನೃತ ಆಗಿದ್ದರೆ, ಜೋಡಿ ಮಾಡಲು ಸತ್ಯ ಯಾಕೆ ಬೇಕಿತ್ತು?

ಶಂಕರರು ಅಲ್ಲೇ ಕೊಡುವ ಉದಾಹರಣೆ ಚಿಪ್ಪು ಬೆಳ್ಳಿಯಂತೆ ಕಾಣುವುದು. ಮಲ್ಪೆಯ ಕಡಲ ದಂಡೆಯಲ್ಲಿ ಒಮ್ಮೆ ನನಗೇ ಇದಾಯಿತು. ಮಧ್ಯಾಹ್ನದ ಬಿಸಿಲು. ಅಲೆ ಹಿಂದೆ ಸರಿದಾಗ ಒದ್ದೆ ಮರಳಲ್ಲಿ ಏನೋ ಬೆಳ್ಳಗೆ ಹೊಳೆಯಿತು. ಯಾರದೋ ಕಾಲುಂಗುರ ಬಿದ್ದಿದೆ ಅಂದುಕೊಂಡು ಬಗ್ಗಿದೆ. ಎತ್ತಿದರೆ ಒಡೆದ ಚಿಪ್ಪಿನ ಚೂರು. ಒಳಮೈ ಮಾತ್ರ ನುಣ್ಣಗೆ, ಬಿಸಿಲಿಗೆ ತಿರುಗಿಸಿದಾಗ ತಿಳಿಗುಲಾಬಿ, ತಿಳಿಹಸಿರು. ಹೊರಮೈಗೆ ಮರಳು ಅಂಟಿತ್ತು.

ಆ ಬೆಳ್ಳಿ ಯಾವ ಜಾತಿಯದು? ಇತ್ತು ಅನ್ನುವಂತಿಲ್ಲ, ಕೈಗೆ ಬಂದದ್ದು ಚಿಪ್ಪು. ಇಲ್ಲವೇ ಇಲ್ಲ ಅನ್ನುವಂತೆಯೂ ಇಲ್ಲ. ಇಲ್ಲದ್ದು ಹೊಳೆಯುತ್ತದೆಯೇ, ನನ್ನ ಬೆನ್ನು ಬಗ್ಗಿಸುತ್ತದೆಯೇ? ಮೊಲದ ಕೊಂಬನ್ನು ಹೆಕ್ಕಲು ಯಾರೂ ಬಗ್ಗಿಲ್ಲ. ಅದಕ್ಕೇ ಶಂಕರರ ಹಾದಿಯವರಾದ ಅದ್ವೈತಿಗಳು, ಬ್ರಹ್ಮ ಒಂದೇ ಸತ್ಯ ಅನ್ನುವವರು, ಮೊಲದ ಕೊಂಬು, ಆಕಾಶದ ಹೂವುಗಳನ್ನು ‘ತುಚ್ಛ’ ಅಂತ ಬೇರೆ ಪೆಟ್ಟಿಗೆಯಲ್ಲಿಟ್ಟರು. ಸತ್ತೂ (ಇರುವುದೂ) ಅಲ್ಲ ಅಸತ್ತೂ (ಇಲ್ಲದ್ದೂ) ಅಲ್ಲ ಅನ್ನುವಂಥದ್ದಕ್ಕೆ ಮಿಥ್ಯೆ ಅಂತ ಹೆಸರಿಟ್ಟರು. ಸುಳ್ಳಿಗೆ ಹೇಳುವವನೊಬ್ಬ ಸಾಕು. ಮಿಥ್ಯೆಗೆ ನೋಡುವವನ ಜೊತೆ ಅಡಿಯಲ್ಲಿ ನಿಜವಾದ ವಸ್ತು ಒಂದು ಬೇಕೇ ಬೇಕು. ಅದನ್ನು ‘ಅಧಿಷ್ಠಾನ’ ಅನ್ನುತ್ತಾರೆ. ಚಿಪ್ಪಿಲ್ಲದೆ ಆ ಬೆಳ್ಳಿ ಇಲ್ಲ.

ಜಗತ್ತು ಮಿಥ್ಯೆ ಅಂದಾಗ ಆಗುವ ಅರ್ಥವೂ ಇದೇ ಜಾಡಿನದು. ಆದರೆ ಬೆಳ್ಳಿಯದು ‘ಪ್ರಾತಿಭಾಸಿಕ’, ಕಾಣುವಷ್ಟು ಹೊತ್ತು ಮಾತ್ರ. ಜಗತ್ತಿನದು ‘ವ್ಯಾವಹಾರಿಕ’. ಬ್ರಹ್ಮಜ್ಞಾನ ಆಗುವ ತನಕ ಅದು ನಡೆಯುತ್ತದೆ, ಅದರ ಲೆಕ್ಕವೆಲ್ಲ ಸರಿಯಾಗಿಯೇ ಇರುತ್ತದೆ, ಸಾಲ ತೀರಿಸಲೇಬೇಕು. ‘ಎಲ್ಲ ಕನಸು’ ಅಂತ ಶಂಕರರ ತಲೆಗೆ ಕಟ್ಟುವವರು ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಎರಡನೇ ಪಾದವನ್ನು ತೆರೆಯಬೇಕು. ಹೊರಗಿನ ವಸ್ತುಗಳೇ ಇಲ್ಲ ಅನ್ನುವ ಬೌದ್ಧ ವಿಜ್ಞಾನವಾದಿಗಳನ್ನು ಅವರು ಅಲ್ಲಿ ಎದುರಿಸುತ್ತಾರೆ. ವಸ್ತು ಕಾಣುತ್ತಿರುವಾಗ ಇಲ್ಲ ಅನ್ನುವುದು ಹೇಗೆ? ಊಟ ಮಾಡುತ್ತಾ, ಹೊಟ್ಟೆ ತುಂಬಿದ್ದು ತನಗೇ ಗೊತ್ತಾಗುತ್ತಿರುವಾಗ, ‘ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯಾಗಿಲ್ಲ’ ಅಂದಂತೆ ಅದು, ಅನ್ನುತ್ತಾರೆ. ಮರುಸೂತ್ರದಲ್ಲೇ ಎಚ್ಚರದ ಅನುಭವ ಕನಸಿನಂಥದ್ದಲ್ಲ ಅಂತ ಕಾರಣ ಕೊಟ್ಟು ಹೇಳುತ್ತಾರೆ. ಕನಸು ಎಚ್ಚರವಾದ ಮೇಲೆ ಬಾಧಿತವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಬಾಧಿತವಾಗುವುದಿಲ್ಲ. (ಈ ‘ಬಾಧ’ ನಮ್ಮ ಹಲ್ಲುನೋವಿನ ಬಾಧೆಯಲ್ಲ. ಮುಂದಿನ ತಿಳಿವಳಿಕೆಯಿಂದ ಹಿಂದಿನದು ರದ್ದಾಗುವುದು.)

ಹಾಗಂತ ಮಿಥ್ಯೆ ಅಂದರೆ ಸುಳ್ಳೇ ಅಂತ ವಾದಿಸಿದವರು ಇಲ್ಲವೇ? ಇದ್ದಾರೆ. ಅದೂ ಮಲ್ಪೆಯಿಂದ ಕೂಗಳತೆಯಲ್ಲೇ. ಉಡುಪಿಯ ಮಧ್ವಾಚಾರ್ಯರು (1238–1317) ಈ ಮೂರನೇ ಪೆಟ್ಟಿಗೆಯನ್ನೇ ಒಪ್ಪಲಿಲ್ಲ. ಇರುವುದು, ಇಲ್ಲದ್ದು, ಎರಡೇ. ಚಿಪ್ಪಿನಲ್ಲಿ ಕಂಡ ಬೆಳ್ಳಿ ಪೂರಾ ಅಸತ್ತು. ಇಲ್ಲದ್ದು ಇರುವಂತೆ ಕಾಣುವುದೇ ಭ್ರಮೆ. ಜಗತ್ತಾದರೋ ಸತ್ಯ. ಇದಕ್ಕಾಗಿಯೇ ಅವರು ‘ಮಿಥ್ಯಾತ್ವಾನುಮಾನ ಖಂಡನ’ ಅಂತ ಒಂದು ಪುಟ್ಟ ಗ್ರಂಥ ಬರೆದರು. ಮಾಧ್ವ ಮನೆಯಲ್ಲಿ ಬೆಳೆದವರು ‘ಮಿಥ್ಯೆ ಅಂದರೆ ಸುಳ್ಳು, ಅದಕ್ಕೇ ನಾವು ಅದನ್ನು ಒಪ್ಪುವುದಿಲ್ಲ’ ಅಂದರೆ ನಾನು ತಕರಾರು ಮಾಡುವುದಿಲ್ಲ. ಆ ಮಾತಿನ ಹಿಂದೆ ವಾದ ಇದೆ.

ಎಂಥ ವಾದ ಅಂತ ಒಂದೇ ಒಂದನ್ನು ಹೇಳುತ್ತೇನೆ. ವಿಜಯನಗರದ ಕಾಲದ ಮಾಧ್ವ ಯತಿ ವ್ಯಾಸತೀರ್ಥರು, ಈಗ ಆನೆಗೊಂದಿಯ ನವಬೃಂದಾವನದಲ್ಲಿ ಸಮಾಧಿಸ್ಥರಾಗಿರುವವರು, ‘ನ್ಯಾಯಾಮೃತ’ದಲ್ಲಿ ಹೀಗೆ ಕೇಳಿದರು. ಜಗತ್ತು ಮಿಥ್ಯೆ ಅನ್ನುತ್ತೀರಿ. ಆ ಮಿಥ್ಯಾತ್ವ ಸತ್ಯವೋ ಮಿಥ್ಯೆಯೋ? ಸತ್ಯ ಅಂದರೆ ಬ್ರಹ್ಮದ ಜೊತೆ ಇನ್ನೊಂದು ಸತ್ಯ ಬಂತು, ಅದ್ವೈತ ಹೋಯಿತು. ಮಿಥ್ಯೆ ಅಂದರೆ ಜಗತ್ತಿನ ಮಿಥ್ಯಾತ್ವವೇ ಬಿದ್ದುಹೋಯಿತು, ಜಗತ್ತು ಸತ್ಯವಾಯಿತು.

ಬಂಗಾಳದಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದ್ದ ಅದ್ವೈತಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ನ್ಯಾಯಾಮೃತಕ್ಕೆ ಹೆಚ್ಚುಕಡಿಮೆ ಸಾಲುಸಾಲಿಗೂ ಉತ್ತರ ಬರೆದರು. ಈ ಪ್ರಶ್ನೆಗೆ ಅವರ ಉತ್ತರ: ಮಿಥ್ಯಾತ್ವವೂ ಮಿಥ್ಯೆಯೇ, ಆದರೂ ಜಗತ್ತು ಸತ್ಯವಾಗುವುದಿಲ್ಲ. ಆನೆಯ ಮುಂದೆ ನಿಂತು ‘ಇದು ಹಸುವಲ್ಲ’ ಅಂದ ಮಾತ್ರಕ್ಕೆ ಅದು ಕುದುರೆಯಾಗುತ್ತದೆಯೇ? ಆನೆಯಲ್ಲಿ ಹಸುತನವೂ ಇಲ್ಲ, ಕುದುರೆತನವೂ ಇಲ್ಲ. ಹಾಗೆಯೇ ಜಗತ್ತೂ ಅದರ ಮಿಥ್ಯಾತ್ವವೂ ಒಂದೇ ತಿಳಿವಳಿಕೆಯಿಂದ ಒಟ್ಟಿಗೇ ಬಾಧಿತವಾಗುತ್ತವೆ. ಇದಕ್ಕೂ ಮಾಧ್ವರು ಸುಮ್ಮನಿರಲಿಲ್ಲ. ವ್ಯಾಸ ರಾಮಾಚಾರ್ಯರು ‘ತರಂಗಿಣಿ’ ಬರೆದು ಮತ್ತೆ ಕೆಣಕಿದರು. ಆಮೇಲೆ ಅದಕ್ಕೂ ಅದ್ವೈತಿಗಳಿಂದ ಉತ್ತರ ಬಂತು.